ವಿನೋನಾ ದಡದಲ್ಲಿಲ್ಲದ ಶನಿವಾರಗಳು

ವಿನೋನಾ ಕೆಕುಮುಗೆ ಎಂಥಾ ದನಿಯಿತ್ತೆಂದರೆ, ಹಿಲೋ ಎಂಬ ದ್ವೀಪದೂರಿನ ಕೊಲ್ಲಿಯ ಮರಳಿನ ಮೇಲೆ ನಿಂತು ಅವಳು ಒಮ್ಮೆ ಕೂಗಿದರೆ ಅಲೆತಡೆಯ ಗೋಡೆಯ ಮೇಲೆ ಗಾಳ ಹಾಕಿ ಕೂತವರು ಕೂಡ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಶಾಲಾ ಬಸ್ಸು ಓಡಿಸುವ ಕೆಲಸ ಅವಳದು. ಹಿಂದಿನ ಸೀಟಿನ ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಡುತ್ತಾ ಇಡುತ್ತಾ ಆ ದನಿ ಪಳಗಿತ್ತು. ಹಾಗೆ ಪಳಗಿದ್ದನ್ನು ಅವಳು ಸಂಜೆ ಹೊತ್ತು ತಂದು ಕಾಯ್ ಮಾಲಿನೋ ದೋಣಿ ಕ್ಲಬ್ಬಿಗೆ ಧಾರೆಯೆರೆಯುತ್ತಿದ್ದಳು. ಕಾಯ್ ಮಾಲಿನೋ ಅಂದರೆ ಶಾಂತ ಸಮುದ್ರ. ಆ ಹೆಸರಿಟ್ಟ ಹಿರಿಯರು ವಿನೋನಾ ಕೋಚ್ ಆಗುವ ಮೊದಲೇ ತೀರಿಕೊಂಡಿದ್ದರು.

ಅವಳ ಕೈಕೆಳಗಿದ್ದದ್ದು ಐವತ್ತೈದು ದಾಟಿದ ಹೆಂಗಸರ ತಂಡ. ಪಕ್ಕದಲ್ಲಿ ತೇಲುಮರ ಕಟ್ಟಿದ ಉದ್ದನೆಯ ದೋಣಿ, ಒಬ್ಬರ ಹಿಂದೊಬ್ಬರು ಆರು ಜನ. ಮುಂದಿನ ಸೀಟಿನಲ್ಲಿ ಕೂತು ಲಯ ಹಿಡಿಯುವವಳು ಮೋಮಿ. ವಿನೋನಾಳ ಚಿಕ್ಕಮ್ಮನ ಮಗಳು, ಶಾಲೆಯ ಅಡುಗೆಮನೆಯಲ್ಲಿ ಕೆಲಸ, ಅಕ್ಕನಿಗೆ ಎದುರಾಡಲು ಹೆದರದವಳು. ಆದರೆ ದಡದ ಮೇಲೆ ಮಾತ್ರ. ಹಿಂದಿನ ಸೀಟಿನಲ್ಲಿ ಚುಕ್ಕಾಣಿ ಹಿಡಿದು ಡಾರ್ಲೀನ್ ನಕಾಗಾವಾ. ಅವಳು ಹಲ್ಲಿನ ಡಾಕ್ಟರ ಹತ್ತಿರ ಫೋನೆತ್ತುವ ಕೆಲಸದವಳು. ಅರ್ಧ ಊರಿಗೆ ‘ಸ್ವಲ್ಪ ನೋಯುತ್ತೆ ಅಷ್ಟೇ’ ಎಂದು ಹೇಳಿ ಹೇಳಿ ಅವಳ ಮಾತೇ ಬೆಣ್ಣೆಯಾಗಿಬಿಟ್ಟಿತ್ತು. ನಡುವಿನ ನಾಲ್ವರಲ್ಲಿ ನಗುವವಳು ಲುವಾನಾ. ಯಾಕೆ ನಗುತ್ತಾಳೆಂದು ಅವಳಿಗೇ ಗೊತ್ತಿರುತ್ತಿರಲಿಲ್ಲ. ಉಳಿದ ಮೂವರು ಹೇಳಿದಷ್ಟು ಹುಟ್ಟು ಹಾಕಿ ಮನೆಗೆ ಹೋಗುವವರು. ದೋಣಿಗೆ ಕಾಲಿಟ್ಟರೆ ಎಲ್ಲರೂ ವಿನೋನಾಳನ್ನು ‘ಕೋಚ್, ನೀವು’ ಅನ್ನಬೇಕು, ದಡಕ್ಕೆ ಬಂದ ಮೇಲೆ ‘ವಿನಿ, ನೀನು’ ಅಂದರೆ ನಡೆಯುತ್ತದೆ ಎಂಬುದು ಯಾರೂ ಹಾಕದ, ಆದರೆ ಯಾರೂ ಮೀರದ ಕಟ್ಟಳೆಯಾಗಿತ್ತು.

ಈ ತಂಡ ವರ್ಷಗಟ್ಟಲೆ ಹುಟ್ಟು ಹಾಕಿ ಮೂರನೆಯ ಸ್ಥಾನಕ್ಕಿಂತ ಮುಂದೆ ಬಂದದ್ದಿರಲಿಲ್ಲ. ಅದಕ್ಕೆ ಕಾರಣ ವಿನೋನಾಗೆ ಚೆನ್ನಾಗಿ ಗೊತ್ತಿತ್ತು: ಅನ್ನ. ಅನ್ನ, ಮ್ಯಾಕರೋನಿ ಸಾಲಡ್, ಸಕ್ಕರೆಯಲ್ಲಿ ಹೊರಳಿಸಿದ ಮಲಸಾದಾ ಎಂಬ ಬಿಸಿ ಕರಿದ ಬನ್ನು, ರಾತ್ರಿ ಟೀವಿ, ಮತ್ತು ಗಂಡಂದಿರು. ಬೇಸಿಗೆಯ ಪಂದ್ಯಗಳು ಶುರುವಾಗುವ ಮೊದಲು ಪ್ರತಿವರ್ಷ ಅವಳು ತಂಡವನ್ನು ಮರಳಿನ ಮೇಲೆ ಕೂರಿಸಿ ಒಂದು ಭಾಷಣ ಮಾಡುತ್ತಿದ್ದಳು.

“ದೋಣಿ ಒಂದು ಕಡೆ ವಾಲಿದರೆ ಏನಾಗುತ್ತೆ? ಮಗುಚಿಕೊಳ್ಳುತ್ತೆ. ಬದುಕೂ ಹಾಗೇನೆ. ಮನೆ, ಕೆಲಸ, ದೇಹ, ದೋಣಿ, ಎಲ್ಲ ಸಮ ತೂಗಬೇಕು. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಿದ್ದೆ. ವರ್ಷಕ್ಕೊಮ್ಮೆ ಡಾಕ್ಟರ ಹತ್ತಿರ ಹೋಗಿ ಬನ್ನಿ. ವಯಸ್ಸಾಯ್ತು ಅನ್ನೋದು ನೆನಪಿರಲಿ.”

ಹೀಗೆ ಹೇಳುವವಳು ಬೆಳಗಿನ ತಿಂಡಿಯನ್ನು ಬಸ್ಸಿನ ಸ್ಟಿಯರಿಂಗ್ ಮೇಲೆ ಇಟ್ಟುಕೊಂಡು ತಿನ್ನುತ್ತಿದ್ದಳು, ಮಧ್ಯಾಹ್ನದ್ದನ್ನು ಪೆಟ್ರೋಲ್ ಬಂಕಿನಲ್ಲಿ ನಿಂತುಕೊಂಡು, ರಾತ್ರಿಯದ್ದನ್ನು ದೋಣಿಗಳ ಕೊಟ್ಟಿಗೆಯಲ್ಲಿ ಹಗ್ಗ ಬಿಗಿಯುತ್ತ. ಹಳೆಯ ಚಾಂಪಿಯನ್ ಅವಳು. ಭುಜದ ನರ ಹರಿದು ಹುಟ್ಟು ಬಿಟ್ಟ ಮೇಲೆ ಡಾಕ್ಟರ ಮುಖ ನೋಡಿರಲಿಲ್ಲ. ಗಂಡ ಕ್ಲಾರೆನ್ಸ್ ರಸ್ತೆ ಇಲಾಖೆಯಿಂದ ನಿವೃತ್ತನಾಗಿ ಹಿತ್ತಿಲಲ್ಲಿ ಆಂಥೂರಿಯಂ ಹೂ ಬೆಳೆಸಿಕೊಂಡಿದ್ದ. ಬೇಸಿಗೆಯಲ್ಲಿ ಹೆಂಡತಿಯನ್ನು ನೋಡಬೇಕೆನಿಸಿದರೆ ಅವನೇ ಬೀಚಿಗೆ ಹೋಗಬೇಕಾಗಿತ್ತು. ಹೋಗುತ್ತಲೂ ಇದ್ದ, ಮಡಚುವ ಕುರ್ಚಿ ಹಿಡಿದುಕೊಂಡು.

ಆ ವರ್ಷ ಜೂನ್ ತಿಂಗಳ ಒಂದು ಶನಿವಾರ, ಪಂದ್ಯದ ದಿನವೇ, ಬಸ್ಸಿನ ಮಾಲೀಕನ ಫೋನು ಬಂತು. ಬಂದರಿಗೆ ಪ್ರವಾಸಿಗಳ ದೊಡ್ಡ ಹಡಗು ಬಂದಿದೆ, ಇಬ್ಬರು ಡ್ರೈವರುಗಳು ಜ್ವರ ಬಂದು ಮಲಗಿದ್ದಾರೆ, ಜ್ವಾಲಾಮುಖಿ ತೋರಿಸಿಕೊಂಡು ಬರಲು ನೀನೇ ಹೋಗಬೇಕು. ವಿನೋನಾ ಬೈದಳು, ಅತ್ತಳು, ಕೊನೆಗೆ ಹೋದಳು. ಹೋಗುವ ಮೊದಲು ಮೋಮಿಗೆ ಫೋನು ಮಾಡಿ, ಶುರುವಿನಲ್ಲಿ ಎಷ್ಟು ಚುರುಕಾಗಿರಬೇಕು, ನೀರಿನ ನಡುವಿನ ಬಾವುಟ ಸುತ್ತಿ ವಾಪಸ್ ತಿರುಗುವಾಗ ಯಾರು ಎತ್ತ ವಾಲಬೇಕು, ಯಾರು ಏನು ತಿನ್ನಬಾರದು ಎಲ್ಲ ಹೇಳಿ, ಹೇಳಿದ್ದನ್ನು ಒಪ್ಪಿಸಿಕೊಂಡಳು.

ಜ್ವಾಲಾಮುಖಿಯ ಅಂಚಿನಲ್ಲಿ ಮಳೆ, ಮಂಜು. ಪ್ರವಾಸಿಗಳು ಏನೂ ಕಾಣದೆ ಏನೂ ಇಲ್ಲದ ಕಡೆಗೆ ಫೋಟೋ ಹೊಡೆಯುತ್ತಿದ್ದಾಗ ಅವಳು ಬಸ್ಸಿನ ಹಿಂದೆ ನಿಂತು ಡಾರ್ಲೀನಳಿಗೆ ಫೋನು ಮಾಡಿದಳು.

“ಏನಾಯ್ತೇ?”

“ಪರವಾಗಿಲ್ಲ ವಿನಿ. ಎಲ್ಲ ಚೆನ್ನಾಗೇ ಆಯ್ತು,” ಅಂದಳು ಡಾರ್ಲೀನ್, ಹಲ್ಲು ಕಿತ್ತ ಮೇಲೆ ರೋಗಿಗೆ ಹೇಳುವ ದನಿಯಲ್ಲಿ.

“ಚೆನ್ನಾಗಿ ಅಂದ್ರೆ? ಎಷ್ಟನೇ ಜಾಗ?”

“ಅದು… ನೋಡು, ನೀಲಿಯವರ ದೋಣಿ ಸ್ವಲ್ಪ ಅಡ್ಡ ಹೋಯ್ತು. ಗಾಳೀನೂ ಇತ್ತು.”

“ಡಾರ್ಲೀನ್.”

“ಮೊದಲನೇದು,” ಅಂದಳು ಡಾರ್ಲೀನ್. “ನೀನು ಬೇಜಾರು ಮಾಡ್ಕೋಬೇಡ.”

ನೀಲಿಯವರೆಂದರೆ ಕೊಲ್ಲಿಯ ಆಚೆ ಬದಿಯ ಕ್ಲಬ್ಬು, ನೀಲಿ ಅಂಗಿ ತೊಟ್ಟು ಪ್ರತಿ ಪಂದ್ಯ ಗೆಲ್ಲುವವರು. ಅವರನ್ನು ಸೋಲಿಸಿದ ದಿನ ತಾನು ಮಂಜಿನಲ್ಲಿ ನಿಂತು ಯಾವುದೋ ಊರಿನ ಮುದುಕನಿಗೆ ಮೂತ್ರಖಾನೆ ತೋರಿಸುತ್ತಿದ್ದೆ ಎಂದು ವಿನೋನಾಗೆ ಹೊಟ್ಟೆ ಉರಿಯಿತು. ಆದರೂ ಖುಷಿಯೇ. ವರ್ಷಗಳ ಪಾಠ ಕೊನೆಗೂ ಫಲ ಕೊಟ್ಟಿತು ಎಂದು ಇಳಿದಾರಿಯುದ್ದಕ್ಕೂ ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಮುಂದಿನ ಶನಿವಾರ ಅವಳು ದಡದಲ್ಲಿದ್ದಳು. ದೋಣಿಯ ಜೊತೆಜೊತೆಗೆ ನೀರಿನಂಚಿನಲ್ಲಿ ಓಡುತ್ತ ಕೂಗಿದಳು. ಐದನೆಯ ಸ್ಥಾನ ಬಂತು. ಅದರ ಮುಂದಿನ ಶನಿವಾರ ಕ್ಲಾರೆನ್ಸನ ತಮ್ಮನ ಮೊಮ್ಮಗುವಿಗೆ ಒಂದು ವರ್ಷ ತುಂಬಿದ ಹಬ್ಬ. ಊರಿಗೆಲ್ಲ ಊಟ ಹಾಕುವ ಸಮಾರಂಭ, ಹಂದಿ ಹೂತು ಬೇಯಿಸಲು ಹಿಂದಿನ ದಿನದಿಂದ ಗುಂಡಿಗೆ ಬೆಂಕಿ. ಹೋಗದಿದ್ದರೆ ಆ ಕಡೆಯವರು ಅವಳು ಸತ್ತ ಮೇಲೂ ಆಡಿಕೊಳ್ಳುತ್ತಾರೆ. ಹೋದಳು. ತಂಡ ಮತ್ತೆ ಮೊದಲು ಬಂತು. ಈ ಸಲ ಡಾರ್ಲೀನ್ ಫೋನು ಎತ್ತಲೇ ಇಲ್ಲ. ಸುದ್ದಿಯನ್ನು ಕ್ಲಾರೆನ್ಸನೇ ಯಾರಿಂದಲೋ ಕೇಳಿ ತಂದು, ಬಡಿಸುವ ಸಾಲಿನಲ್ಲಿ ನಿಂತಿದ್ದ ಹೆಂಡತಿಗೆ ಹೇಳಿದ.

“ಇದರಲ್ಲಿ ಅರ್ಥ ಮಾಡ್ಕೊಳ್ಳೋದು ಏನೂ ಇಲ್ಲ,” ಅಂದಳು ವಿನೋನಾ.

“ನಾನೇನಾದ್ರೂ ಅಂದ್ನಾ?”

“ಅನ್ನಲಿಲ್ಲ. ಮುಖದಲ್ಲಿ ಬರ್ಕೊಂಡು ಬಂದಿದೀಯ.”

ಕ್ಲಾರೆನ್ಸ್ ತಟ್ಟೆಗೆ ಹಂದಿಮಾಂಸ ಹಾಕಿಕೊಂಡ. “ನೋಡು, ನೀನು ಮನೇಲಿಲ್ಲದ ದಿನ ನಾನೂ ಅಡುಗೆ ಚೆನ್ನಾಗೇ ಮಾಡ್ತೀನಿ. ನೀನು ಹಿಂದೆ ನಿಂತ್ಕೊಂಡು ‘ಉಪ್ಪು, ಉಪ್ಪು’ ಅಂದ ದಿನವೇ ಎರಡು ಸಲ ಹಾಕೋದು.”

ವಿನೋನಾ ತಟ್ಟೆ ಹಿಡಿದು ಸಾಲಿನಲ್ಲಿ ಮುಂದೆ ಸರಿದಳು. ಎಲ್ಲರಿಗೂ ಗೊತ್ತಿರುವ ಮುದುಕಿಯೊಬ್ಬಳಿದ್ದಾಳಲ್ಲ, ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗುವುದಿಲ್ಲ ಎಂದುಕೊಂಡವಳು. ಅವಳಾದರೂ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಡಿಗೆ ಹೋದಳು. ವಿನೋನಾಗೆ ಕೋಳಿಯೂ ತಾನೇ, ಮುದುಕಿಯೂ ತಾನೇ. ಎರಡು ದಿನ ಹಿತ್ತಿಲಲ್ಲಿ ಗಿಡದ ಕಳೆ ಕಿತ್ತಳು, ಅದರ ಜೊತೆ ಕ್ಲಾರೆನ್ಸನ ಕೆಲವು ಸಸಿಗಳನ್ನೂ. ಕಿತ್ತು ಮುಗಿಯುವ ಹೊತ್ತಿಗೆ ಅವಳಿಗೆ ಒಂದು ವಿಷಯ ನಿಚ್ಚಳವಾಗಿತ್ತು. ಅವಮಾನ ಎಷ್ಟೇ ಇರಲಿ, ಗೆಲುವಿನ ಆಸೆ ಅದಕ್ಕಿಂತ ದೊಡ್ಡದು. ತಾನು ಇಲ್ಲದಿದ್ದರೆ ಗೆಲ್ಲುತ್ತಾರೆ ಅನ್ನುವುದಾದರೆ ತಾನು ಇರಬಾರದು. ಆದರೆ ‘ನಾನಿಲ್ಲದಿದ್ದರೆ ಗೆಲ್ಲುತ್ತೀರಿ, ಅದಕ್ಕೇ ಬರುವುದಿಲ್ಲ’ ಎಂದು ತನ್ನ ಬಾಯಲ್ಲೇ ಹೇಳುವುದಕ್ಕಿಂತ ಬಸ್ಸನ್ನು ಕೊಲ್ಲಿಗೆ ಇಳಿಸುವುದು ಸುಲಭ.

ಆದ್ದರಿಂದ ಮಂಗಳವಾರ ಅಭ್ಯಾಸ ಮುಗಿದ ಮೇಲೆ, ದೋಣಿಯನ್ನು ಕೊಟ್ಟಿಗೆಗೆ ಎಳೆದು ಹಾಕುತ್ತಿದ್ದಾಗ, ಹಣೆ ಒತ್ತಿಕೊಂಡು ಹೇಳಿದಳು: “ಯಾಕೋ ತಲೆ ಸುತ್ತುತ್ತೆ ಕಣ್ರೇ. ಬಿಸಿಲಲ್ಲಿ ನಿಲ್ಲೋಕೆ ಆಗಲ್ಲ. ಕೂಗಿದ್ರೆ ಕಿವಿಯಲ್ಲಿ ಗುಂಯ್ ಅನ್ನುತ್ತೆ. ಈ ಶನಿವಾರ ಬರಲ್ಲ ಅಂತ ಕಾಣುತ್ತೆ.”

ಹುಟ್ಟುಗಳನ್ನು ತೊಳೆಯುತ್ತಿದ್ದವರ ಕೈ ನಿಂತಿತು. ಎಂದೂ ನೆಗಡಿಯಾಯಿತು ಎಂದು ಕೂಡ ಹೇಳದವಳು. ಲುವಾನಾ ಮೊದಲ ಸಲ ನಗಲಿಲ್ಲ.

“ಯಾವಾಗಿಂದ?” ಅಂದಳು ಮೋಮಿ.

“ಸುಮಾರು ದಿನದಿಂದ.”

“ಡಾಕ್ಟರಿಗೆ ತೋರಿಸಿದ್ಯಾ?”

“ತೋರಿಸ್ತೀನಿ ಬಿಡೇ.”

ಬುಧವಾರ ಬೆಳಗಾದರೆ ಅವಳ ಮನೆ ಜಗುಲಿಯ ಮೇಲೆ ಬೆಳ್ಳಿಹಾಳೆ ಮುಚ್ಚಿದ ಟ್ರೇಗಳು. ಕೆಸುವಿನೆಲೆಯಲ್ಲಿ ಸುತ್ತಿ ಬೇಯಿಸಿದ ಹಂದಿಮಾಂಸ ಒಬ್ಬಳದು, ಸಿಹಿ ಸೋಯಾದಲ್ಲಿ ಅದ್ದಿದ ಕೋಳಿ ಇನ್ನೊಬ್ಬಳದು, ಒಂದು ಬಕೆಟ್ಟಿನಷ್ಟು ಮ್ಯಾಕರೋನಿ ಸಾಲಡ್, ಎರಡು ಪೆಟ್ಟಿಗೆ ಮಲಸಾದಾ. ಹಿಲೋದಲ್ಲಿ ಒಬ್ಬರಿಗೆ ಮೈ ಸರಿಯಿಲ್ಲವೆಂದು ಗೊತ್ತಾದರೆ ಜನ ಕೇಳುವುದು ಏನು ಕಾಯಿಲೆ ಎಂದಲ್ಲ, ಮನೆಯಲ್ಲಿ ಎಷ್ಟು ಜನ ಎಂದು. ಆರು ಅಡುಗೆಮನೆಗಳಿಂದ ಬಂದ ಆ ಸಾಲನ್ನು ನೋಡಿ ವಿನೋನಾಗೆ ಎರಡು ಸಂಗತಿ ಒಟ್ಟಿಗೆ ಅರಿವಾದವು: ಇವರಿಗೆ ನನ್ನ ಮೇಲೆ ಪ್ರಾಣ, ಮತ್ತು ಇವರು ಒಬ್ಬರೂ ಒಂದು ದಿನವೂ ನನ್ನ ಪಥ್ಯ ಮಾಡಿಲ್ಲ.

ಕ್ಲಾರೆನ್ಸ್ ಮಲಸಾದಾ ಬಾಯಿಗೆ ಹಾಕಿಕೊಂಡು, “ಇನ್ನೂ ಸ್ವಲ್ಪ ದಿನ ತಲೆ ಸುತ್ತಲಿ,” ಅಂದ.

ಆ ಶನಿವಾರವೂ ತಂಡ ಮೊದಲು ಬಂತು. ಅವಳಿಗಾಗಿಯೇ ಗೆದ್ದೆವು ಎಂದು ಅತ್ತುಕೊಂಡು ಬಂದು ಹೂಮಾಲೆಗಳನ್ನು ಅವಳ ಕೊರಳಿಗೇ ಹಾಕಿದರು. ಹಾಕಿ ಹೋಗುವಾಗ ಮೋಮಿ ಹಿಂದೆ ಉಳಿದಳು.

“ಸೋಮವಾರ ಕ್ಲಿನಿಕ್ಕಿಗೆ ಹೇಳಿಟ್ಟಿದೀನಿ. ನಾನೇ ಬಂದು ಕರ್ಕೊಂಡು ಹೋಗ್ತೀನಿ.”

“ನನಗೇನಾಗಿದೆ ಅಂತ?”

“ಅದನ್ನೇ ಕೇಳೋಕೆ ಹೋಗೋದು ಅಕ್ಕ. ತಲೆ ಸುತ್ತುತ್ತೆ ಅಂದಿದ್ದು ನೀನೋ ನಾನೋ?”

ವಿನೋನಾ ಕೊರಳಿನ ಹೂಮಾಲೆಗಳನ್ನು ತೆಗೆದು ಮೊಳೆಗೆ ನೇತುಹಾಕಿದಳು.

ಕ್ಲಿನಿಕ್ಕಿನಲ್ಲಿ ಅವಳ ಪಾಲಿಗೆ ಬಂದವಳು ಡಾಕ್ಟರ್ ಸ್ಟೇಸಿ ಉಯೆಹಾರಾ. ನಲವತ್ತರಿಂದ ಸ್ವಲ್ಪ ಆಚೆ, ಚೂಪು ಗದ್ದ, ಬಿಸಿಲಿಗೆ ಕಪ್ಪಾದ ತೋಳು. ಆ ತೋಳು ವಿನೋನಾಗೆ ಗೊತ್ತಿತ್ತು. ನೀಲಿಯವರ ನಲವತ್ತು ದಾಟಿದವರ ದೋಣಿಯಲ್ಲಿ ಮೂರನೆಯ ಸೀಟು. ಎಡಗಡೆ ಹಾಕುವಾಗ ಸ್ವಲ್ಪ ಬೇಗ ಎಳೆಯುತ್ತಾಳೆ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿಸಿದಳು, ನೋಡಿದಳು, ಹುಬ್ಬೆತ್ತಿದಳು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಇನ್ನೊಂದು ತೋಳಿಗೆ ಸುತ್ತಿದಳು. ಬೆರಳು ಚುಚ್ಚಿ ರಕ್ತ ನೋಡಿದಳು. ನರ್ಸು ಬಂದು ಇನ್ನಷ್ಟು ರಕ್ತ ತೆಗೆದುಕೊಂಡು ಹೋದಳು.

“ತಲೆ ಯಾವಾಗಿಂದ ಸುತ್ತುತ್ತೆ ಅಂದ್ರಿ?”

ವಿನೋನಾ ಬಾಗಿಲ ಕಡೆ ನೋಡಿದಳು. ಮೋಮಿ ಹೊರಗಿದ್ದಳು. “ನಿಜ ಹೇಳ್ಬೇಕಂದ್ರೆ ಸುತ್ತೋದೇ ಇಲ್ಲ. ಸುಮ್ನೆ ಹೇಳಿದ್ದು.”

“ಸುತ್ತಬೇಕಾಗಿತ್ತು,” ಅಂದಳು ಡಾಕ್ಟರು. “ಈ ಒತ್ತಡಕ್ಕೆ ನೀವು ಕೂತ್ಕೊಂಡು ನನ್ನ ಜೊತೆ ಮಾತಾಡ್ತಿರೋದೇ ಹೆಚ್ಚು. ಮೇಲಿನದು ಇನ್ನೂರರ ಹತ್ರ ಇದೆ. ಸಕ್ಕರೇನೂ ಇದೆ, ಅದು ಇವತ್ತು ನಿನ್ನೆ ಬಂದಿದ್ದಲ್ಲ. ಏನು ಕೆಲಸ ಮಾಡ್ತೀರಿ?”

“ಬಸ್ ಓಡಿಸ್ತೀನಿ.”

“ಇವತ್ತಿಂದ ಓಡಿಸಲ್ಲ. ಇದು ಇಳಿದ ಮೇಲೆ ನೋಡೋಣ. ಮಾತ್ರೆ ಬರ್ಕೊಡ್ತೀನಿ. ಬಿಸಿಲಲ್ಲಿ ಓಡಾಟ ಬೇಡ. ಕೂಗಾಟ ಬೇಡವೇ ಬೇಡ.”

ತಾನು ಕೊಟ್ಟಿಗೆಯಲ್ಲಿ ನಿಂತು ಹೆಣೆದ ಸುಳ್ಳನ್ನು ಈ ಹೆಂಗಸು ಅಕ್ಷರ ಬಿಡದೆ ತನಗೇ ವಾಪಸ್ ಓದಿ ಹೇಳುತ್ತಿದ್ದಾಳೆ ಎಂದು ವಿನೋನಾಗೆ ಅನ್ನಿಸಿತು. ಅದರ ಹಿಂದೆಯೇ ಕೋಪ ಬಂತು.

“ಡಾಕ್ಟ್ರೇ, ಒಂದು ಮಾತು. ಇದು ನಿಮ್ಮ ಕ್ಲಬ್ಬಿನವರ ಕಿತಾಪತಿ ಅಲ್ಲ ತಾನೇ?”

ಡಾಕ್ಟರು ಪೆನ್ನು ಕೆಳಗಿಟ್ಟಳು. “ಆಂಟಿ, ನೀವು ದಡದಲ್ಲಿ ಇರೋದೇ ನಮಗೆ ಲಾಭ. ನೀವು ಬರಬೇಡಿ ಅಂತ ಹೇಳೋದಕ್ಕೆ ನನಗೆ ಎಷ್ಟು ಕಷ್ಟ ಆಗ್ತಿದೆ ಅಂತ ನಿಮಗೆ ಗೊತ್ತಿಲ್ಲ.”

ಅಂದರೆ ಕೊಲ್ಲಿಯ ಆಚೆ ಬದಿಗೂ ವಿಷಯ ಗೊತ್ತಿತ್ತು.

ಹೊರಗೆ ಬಂದಳು. ಮೋಮಿ ಕುರ್ಚಿಯ ಅಂಚಿನಲ್ಲಿ ಕೂತು ಕೈಚೀಲದ ಪಟ್ಟಿ ತಿರುಚುತ್ತಿದ್ದಳು. ಅವಳ ಮುಖ ನೋಡಿದೊಡನೆ ವಿನೋನಾಳ ಬಾಯಿಂದ ಬಂದ ಮಾತು ಅವಳಿಗೇ ಆಶ್ಚರ್ಯ ತಂದಿತು.

“ಏನೂ ಇಲ್ಲ ಕಣೇ. ಕಲ್ಲುಗುಂಡಿನ ಹಾಗಿದೀನಂತೆ.”

ಗಟ್ಟಿಮುಟ್ಟಾಗಿದ್ದಾಗ ಕಾಯಿಲೆ ಎಂದು ಹೇಳಲು ಅವಳಿಗೆ ಏನೂ ಅನ್ನಿಸಿರಲಿಲ್ಲ. ನಿಜಕ್ಕೂ ಕಾಯಿಲೆ ಬಂದಾಗ ಅದನ್ನು ಹೇಳುವುದು ಮೈಮೇಲಿನ ಬಟ್ಟೆ ಬಿಚ್ಚಿದ ಹಾಗೆ ಅನ್ನಿಸಿತು. ವರ್ಷಕ್ಕೊಮ್ಮೆ ಡಾಕ್ಟರ ಹತ್ತಿರ ಹೋಗಿ ಎಂದು ಹೇಳುತ್ತಿದ್ದವಳು ಯಾರು? ಅನ್ನ ಬಿಡಿ ಎಂದವಳು ಯಾರು?

ಮೋಮಿ ನಿಟ್ಟುಸಿರು ಬಿಟ್ಟು ಅವಳನ್ನು ತಬ್ಬಿಕೊಂಡಳು. ಆಮೇಲೆ, ಕಾರಿನ ಹತ್ತಿರ ಬಂದಾಗ, ಏನೋ ಹೊಳೆದವಳ ಹಾಗೆ ನಿಂತಳು. “ಹಾಗಾದ್ರೆ… ಶನಿವಾರ ಬರ್ತೀಯ?”

“ಬರದೆ?”

“ಒಳ್ಳೇದಾಯ್ತು,” ಅಂದಳು ಮೋಮಿ, ಕಾರಿನ ಬಾಗಿಲು ತೆಗೆಯುತ್ತ. “ಎಲ್ಲರಿಗೂ ಬಹಳ ಸಂತೋಷ ಆಗುತ್ತೆ.” ಊರಿನ ಯಾವ ಸಾವಿನ ಮನೆಯಲ್ಲೂ ಅಷ್ಟು ಸಣ್ಣ ದನಿಯಲ್ಲಿ ಯಾರೂ ಮಾತಾಡಿರಲಾರರು.

ಕ್ಲಾರೆನ್ಸನಿಗೆ ಮಾತ್ರ ನಿಜ ಹೇಳಿದಳು. ಬಸ್ಸಿನ ಚಾವಿ ವಾಪಸ್ ಕೊಟ್ಟು ಬಂದದ್ದಕ್ಕೆ ಕಾರಣ ಬೇಕಿತ್ತು. ಅವನು ತಮಾಷೆ ಮಾಡಲಿಲ್ಲ. ಫ್ರಿಜ್ ತೆಗೆದು ಉಳಿದಿದ್ದ ಟ್ರೇಗಳನ್ನೆಲ್ಲ ಹೊತ್ತು ಪಕ್ಕದ ಮನೆಗೆ ಕೊಟ್ಟು ಬಂದ. ಬಂದವನು ಗೆಣಸು ಬೇಯಲಿಟ್ಟು, ಅದು ಬೇಯುವ ತನಕ ಒಲೆಯ ಮುಂದೆಯೇ ನಿಂತಿದ್ದ. ಅದನ್ನು ನೋಡಿದಾಗಲೇ ವಿನೋನಾಗೆ ನಿಜವಾಗಿ ಭಯವಾದದ್ದು.

ಶನಿವಾರ ಅವಳು ಬೀಚಿಗೆ ಹೋದಳು. ಕ್ಲಬ್ಬಿನ ಡೇರೆಯ ನೆರಳಿನಲ್ಲಿ ಗಂಡನ ಮಡಚುವ ಕುರ್ಚಿಯಲ್ಲಿ ಕೂತಳು. ನಾಲ್ಕು ಡೇರೆ ಆಚೆ ನೀಲಿ ಅಂಗಿಯಲ್ಲಿ ಡಾಕ್ಟರು ಇದ್ದಳು, ಆಗಾಗ ಕತ್ತು ತಿರುಗಿಸಿ ನೋಡುತ್ತಿದ್ದಳು. ವಿನೋನಾ ಬಾಯಿ ಬಿಗಿದುಕೊಂಡಳು. ಹುಡುಗಿಯರು, ಅಂದರೆ ಆ ಅಜ್ಜಿಯರು, ದೋಣಿಗೆ ಹೋಗುವ ಮೊದಲು ಅವಳ ಮುಂದೆ ಬಂದು ನಿಂತರು, ಮಾಮೂಲಿ ಬೈಗುಳಕ್ಕೆ. ಅವಳು “ಹೋಗಿ ಬನ್ನಿ,” ಅಂದಳು, ಅಷ್ಟೇ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಬೇರೆ ಏನೂ ಇಲ್ವಾ ಕೋಚ್?” ಅಂದಳು ಡಾರ್ಲೀನ್.

“ಇಲ್ಲ.”

ಶುರುವಿನ ಬಾವುಟ ಬಿದ್ದು ಪಂದ್ಯ ಹೊರಟಿತು. ಅರ್ಧ ದಾರಿಯ ತನಕ ಚೆನ್ನಾಗಿಯೇ ಇದ್ದರು. ಆದರೆ ಆರು ಜೋಡಿ ಕಿವಿಗಳು ದಡದ ಕಡೆಗಿದ್ದವು. ಬರಬೇಕಾದ ಕೂಗು ಬರಲಿಲ್ಲ. ಬೈದರೆ ತಡೆದುಕೊಳ್ಳಬಹುದು, ಇದೆಂಥಾ ಕೋಪವಪ್ಪಾ ಎಂದು ಲುವಾನಾ ಕತ್ತು ಹೊರಳಿಸಿ ನೋಡಿದಳಂತೆ. ಇವಳು ಯಾಕೆ ನೋಡಿದಳೆಂದು ಇವಳ ಹಿಂದಿನವಳೂ ನೋಡಿದಳಂತೆ. ಬಾವುಟ ಸುತ್ತುವ ಜಾಗದಲ್ಲಿ ಮೂವರು ಒಂದೇ ಬದಿಗೆ ವಾಲಿದರು. ತೇಲುಮರ ನೀರಿನಿಂದ ಎದ್ದಿತು, ಆಕಾಶಕ್ಕೊಂದು ಸಲಾಮು ಹೊಡೆದು ಆಚೆ ಬಿತ್ತು, ದೋಣಿ ಬೆನ್ನು ಮೇಲಾಯಿತು. ಆರು ತಲೆಗಳು ಒಂದೊಂದಾಗಿ ನೀರಿನ ಮೇಲೆ ಬಂದವು.

ವಿನೋನಾ ಕುರ್ಚಿಯಿಂದ ಎದ್ದಳು. ಬಾಯಿ ತೆರೆದಳು. ಡಾಕ್ಟರು ನೋಡುತ್ತಿದ್ದಳು. ಬಾಯಿ ಮುಚ್ಚಿ ಕೂತಳು.

ದೋಣಿಯನ್ನು ಸರಿಮಾಡಿ, ನೀರು ಗೋರಿ ಹಾಕಿ, ಎಲ್ಲರಿಗಿಂತ ಕೊನೆಗೆ ದಡ ಮುಟ್ಟಿದರು. ಒದ್ದೆ ಕೂದಲಲ್ಲಿ ಮೋಮಿ ನೇರ ಡೇರೆಗೆ ಬಂದಳು.

“ಬೈ ಅಕ್ಕ.”

“ನಾನ್ಯಾಕೆ ಬೈಲಿ?”

“ಮಗುಚಿದ್ವಿ. ಇಡೀ ದ್ವೀಪದ ಮುಂದೆ ಮಗುಚಿದ್ವಿ. ನೀನು ಹೀಗೆ ಬೊಂಬೆ ಥರ ಕೂತ್ಕೊಂಡ್ರೆ ನಾವೇನು ಅಂತ ತಿಳ್ಕೋಬೇಕು? ನಮ್ಮ ಮೇಲೆ ಸಿಟ್ಟಾ? ಗೆದ್ವಿ ಅಂತ ಸಿಟ್ಟಾ?”

“ಮೋಮಿ, ಮೆತ್ತಗೆ,” ಅಂದಳು ಡಾರ್ಲೀನ್.

“ನೀನು ಸುಮ್ನಿರು. ಎಲ್ಲರೂ ಮೆತ್ತಗೆ ಮೆತ್ತಗೆ ಅಂದೇ ಇಲ್ಲಿಗೆ ಬಂದಿದ್ದು.”

ಅಷ್ಟರಲ್ಲಿ ಡಾಕ್ಟರು ತನ್ನ ಪಂದ್ಯಕ್ಕೆ ಹೋಗುತ್ತ, ಹುಟ್ಟು ಹೆಗಲ ಮೇಲಿಟ್ಟುಕೊಂಡು, ಆ ಡೇರೆಯ ಮುಂದೆ ಹಾದಳು. ಎಲ್ಲರಿಗೂ ತಲೆಬಾಗಿ, ವಿನೋನಾ ಕಡೆ ಸ್ವಲ್ಪವೇ ಸ್ವಲ್ಪ ನಕ್ಕಳು. ಒಂದು ಮಾತೂ ಆಡಲಿಲ್ಲ. ಆದರೆ ನೀಲಿ ಕ್ಲಬ್ಬಿನವಳೊಬ್ಬಳು ಕಾಯ್ ಮಾಲಿನೋ ಕೋಚನ್ನು ನೋಡಿ ಪ್ರೀತಿಯಿಂದ ನಗುವುದು ಆ ಬೀಚಿನಲ್ಲಿ ಹಿಂದೆಂದೂ ನಡೆದಿರಲಿಲ್ಲ. ಮೋಮಿಯ ಕಣ್ಣು ಅವಳ ಹಿಂದೆಯೇ ಹೋಗಿ, ವಾಪಸ್ ಬಂದು ಅಕ್ಕನ ಮೇಲೆ ನಿಂತಿತು.

“ಸೋಮವಾರ ಆ ಡಾಕ್ಟ್ರು ನಿನಗೆ ಏನು ಹೇಳಿದ್ಲು?”

ವಿನೋನಾ ಹೇಳಿದಳು. ರಕ್ತದೊತ್ತಡ, ಸಕ್ಕರೆ, ಬಸ್ಸು, ಕೂಗಬಾರದು. ಶುರು ಮಾಡಿದ ಮೇಲೆ ನಿಲ್ಲಿಸಲಾಗದೆ ಅದರ ಹಿಂದಿನದನ್ನೂ ಹೇಳಿದಳು: ತಲೆ ಸುತ್ತಿದ್ದು ಸುಳ್ಳು, ಬಿಸಿಲಿಗೆ ಆಗುವುದಿಲ್ಲ ಅಂದದ್ದು ಸುಳ್ಳು, ಚೆನ್ನಾಗಿದ್ದೇನೆ ಅಂದದ್ದೂ ಸುಳ್ಳು.

“ಮೊದಲನೇ ಸುಳ್ಳು ಯಾಕೆ?” ಅಂದಳು ಡಾರ್ಲೀನ್.

“ಯಾಕೆ ಅಂತ ನಿಮಗೆಲ್ಲ ಗೊತ್ತು,” ಅಂದಳು ವಿನೋನಾ. ಮರಳನ್ನು ನೋಡುತ್ತಿದ್ದಳು. “ನಾನಿಲ್ಲದಿದ್ರೆ ಗೆಲ್ತೀರಿ.”

ಇಲ್ಲ ಎಂದು ಯಾರಾದರೂ ಹೇಳುತ್ತಾರೆಂದು ಅವಳು ಸ್ವಲ್ಪ ಹೊತ್ತು ಕಾದಳು. ಯಾರೂ ಹೇಳಲಿಲ್ಲ. ಎಲ್ಲರೂ ಒಳ್ಳೆಯ ಹೆಂಗಸರು. ಹೇಳಬೇಕೆಂದು ಬಾಯಿ ತೆರೆದು, ಸುಳ್ಳು ಈಗಾಗಲೇ ಜಾಸ್ತಿಯಾಗಿದೆ ಎಂದು ಮುಚ್ಚಿಕೊಂಡರು. ಕೊನೆಗೆ ಲುವಾನಾ ನಕ್ಕಳು. ತಡೆಯಲಾಗದೆ, ಮೂಗಿನಿಂದ ಉಪ್ಪುನೀರು ಬರುವ ತನಕ ನಕ್ಕಳು. “ನಾವು ನಿನಗೆ ಮಲಸಾದಾ ಕಳಿಸಿದ್ವಿ. ಸಕ್ಕರೆ ಕಾಯಿಲೆಗೆ ಎರಡು ಪೆಟ್ಟಿಗೆ ಮಲಸಾದಾ,” ಅಂದಳು. ಒಬ್ಬೊಬ್ಬರಾಗಿ ಉಳಿದವರೂ ನಕ್ಕರು. ಮೋಮಿ ಮಾತ್ರ ಅಳುತ್ತಿದ್ದಳು, ಅಳುತ್ತಲೇ ಅಕ್ಕನ ಕೈಯಲ್ಲಿದ್ದ ತಂಪು ಪಾನೀಯದ ಡಬ್ಬಿ ಕಿತ್ತುಕೊಂಡು ಮರಳಿಗೆ ಸುರಿದಳು.

ಆವತ್ತಿನಿಂದ ಅವಳ ಬದುಕನ್ನು ಅವರು ವಹಿಸಿಕೊಂಡರು. ಅವಳು ಅವರಿಗೆ ವರ್ಷಗಟ್ಟಲೆ ಬೋಧಿಸಿ, ಅವರು ಒಂದು ದಿನವೂ ಪಾಲಿಸದ ಪಥ್ಯವೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಈಗ ಅದನ್ನು ಹೇರಲು ಒಬ್ಬಳು ಸಿಕ್ಕಿದ್ದಳು. ಬೆಳಕು ಹರಿಯುವ ಮೊದಲೇ ಮೋಮಿ ಬಂದು ಬಾಗಿಲು ಬಡಿಯುತ್ತಿದ್ದಳು. ಆಲದ ಮರಗಳ ಸಾಲಿನಲ್ಲಿ ಇಬ್ಬರೂ ನಡೆಯಬೇಕು. “ಬೆನ್ನು ನೆಟ್ಟಗೆ. ಉಸಿರು ಹಿಡೀಬೇಡ. ವಯಸ್ಸಾಯ್ತು ಅನ್ನೋದು ನೆನಪಿರಲಿ,” ಎಂದು ಮೋಮಿ ಹಿಂದಿನಿಂದ ಹೇಳುತ್ತ ಬರುತ್ತಿದ್ದಳು. ವಿನೋನಾಗೆ ಒಂದು ವಾರ ಸಿಟ್ಟು ಬಂತು. ಎರಡನೆಯ ವಾರ, ತನ್ನ ಮಾತನ್ನು ಬೇರೆಯವರ ಬಾಯಲ್ಲಿ ಕೇಳುತ್ತ, ಇಷ್ಟು ವರ್ಷ ಇದನ್ನು ಸಹಿಸಿಕೊಂಡವರಿಗೆ ಪದಕ ಕೊಡಬೇಕು ಅನ್ನಿಸಿತು.

ಬರೀ ನಡೆದರೆ ಸಾಲದು ಎಂದು ಡಾಕ್ಟರು ಇನ್ನೊಂದು ಗಂಟು ಹಾಕಿದಳು. ನೀಲಿ ಕ್ಲಬ್ಬಿನವರು ಬೆಳಿಗ್ಗೆ ಹೊತ್ತು ಒಂದು ಹಳೆಯ ದೋಣಿಯನ್ನು ರೋಗಿಗಳಿಗೆಂದೇ ಬಿಡುತ್ತಿದ್ದರು. ಸಕ್ಕರೆಯವರು, ಹೃದಯ ಕುಯ್ಯಿಸಿಕೊಂಡವರು, ಮಂಡಿ ಬದಲಾಯಿಸಿಕೊಂಡವರು. ಭುಜಕ್ಕೆ ನೋವಾಗದಷ್ಟು ಮೆಲ್ಲಗೆ ಹಾಕಬೇಕು. ಒಂದು ಕಾಲದ ಚಾಂಪಿಯನ್ ನಾಲ್ಕನೆಯ ಸೀಟಿನಲ್ಲಿ ಕೂತು, ಮುಂದೆ ಒಬ್ಬ ನಿವೃತ್ತ ಪಾದ್ರಿ, ಹಿಂದೆ ಕಿವಿ ಕೇಳದ ಮೀನುಗಾರ ಮಸಾವೊ, ಇಬ್ಬರೂ ತಮ್ಮ ತಮ್ಮ ದೇವರ ಲಯಕ್ಕೆ ಹುಟ್ಟು ಹಾಕುತ್ತಿದ್ದರೆ ಅದನ್ನು ಹಲ್ಲು ಕಚ್ಚಿ ನೋಡಬೇಕು. “ಆಂಟಿ, ಎಳೀಬೇಡಿ, ತೇಲಿಸಿ ಸಾಕು,” ಎಂದು ಡಾಕ್ಟರು ಚುಕ್ಕಾಣಿಯಿಂದ ಹೇಳುತ್ತಿದ್ದಳು. ಎದುರಾಳಿಯ ದೋಣಿಯಲ್ಲಿ ಎದುರಾಳಿಯ ಅಪ್ಪಣೆಗೆ ತೇಲಿಸುತ್ತ ಒಂದು ಬೆಳಿಗ್ಗೆ ಅವಳು, ಸೂರ್ಯ ಅಲೆತಡೆಯ ಮೇಲೆ ಬರುವುದನ್ನು ನೋಡಿದಳು. ಇಷ್ಟು ವರ್ಷ ಆ ಕೊಲ್ಲಿಯಲ್ಲಿದ್ದೂ ಅದನ್ನು ಗಮನಿಸಿರಲಿಲ್ಲ. ಚೆನ್ನಾಗಿತ್ತು. ಪಾದ್ರಿ ಮತ್ತೆ ಲಯ ತಪ್ಪಿದ.

ರಕ್ತದೊತ್ತಡ ಇಳಿಯಿತು, ಸಕ್ಕರೆ ಇಳಿಯಲೋ ಬೇಡವೋ ಎಂದು ಯೋಚಿಸುತ್ತಿತ್ತು. ಪಂದ್ಯದ ಶನಿವಾರ ಮನೆಯಲ್ಲೇ ಉಳಿದು, ಮಂಗಳವಾರ, ಗುರುವಾರ ಅಭ್ಯಾಸಕ್ಕೆ ಬಂದು ಕುರ್ಚಿಯಲ್ಲಿ ಕೂತು ಅವಳು ಡಾರ್ಲೀನಳಿಗೆ ಹೇಳುವುದು, ಡಾರ್ಲೀನ್ ಅದನ್ನು ಬೆಣ್ಣೆ ಹಚ್ಚಿ ತಂಡಕ್ಕೆ ಹೇಳುವುದು ಎಂದಾಯಿತು. ‘ಲುವಾನಾಳಿಗೆ ಹೇಳು, ಸೌಟು ಆಡಿಸೋದು ಬಿಟ್ಟು ಹುಟ್ಟು ಹಾಕು ಅಂತ’ ಎಂದು ಇವಳು ಅಂದರೆ, ‘ಲುವಾನಾ, ಇನ್ನು ಸ್ವಲ್ಪ ಆಳಕ್ಕೆ ಹಾಕಿದರೆ ಎಷ್ಟು ಚೆನ್ನಾಗಿರುತ್ತೆ ಅಲ್ವಾ’ ಎಂದು ಅಲ್ಲಿ ತಲುಪುತ್ತಿತ್ತು. ವಿಚಿತ್ರವೆಂದರೆ ಲುವಾನಾ ಆಳಕ್ಕೇ ಹಾಕುತ್ತಿದ್ದಳು.

ಉಳಿದದ್ದು ಬೇಸಿಗೆಯ ಕೊನೆಯ ಶನಿವಾರ, ದ್ವೀಪದ ಚಾಂಪಿಯನ್‌ಷಿಪ್. ವಿನೋನಾ ಬರಬೇಕೋ ಬೇಡವೋ ಎಂಬುದರ ಬಗ್ಗೆ ಕೊಟ್ಟಿಗೆಯಲ್ಲಿ ದೊಡ್ಡ ಸಭೆಯೇ ನಡೆಯಿತು. ಅವಳು ಬಂದು ಕೂಗಿದರೆ ಸೋಲು. ಬಂದು ಸುಮ್ಮನಿದ್ದರೆ ಮಗುಚುತ್ತೇವೆ. ಬರದಿದ್ದರೆ ಗೆಲ್ಲುತ್ತೇವೆ, ಆದರೆ ಇದು ಅವಳ ಪಂದ್ಯ. ಕ್ಲಾರೆನ್ಸನೇ ದಾರಿ ತೋರಿಸಿದ. ಕಾರನ್ನು ರಸ್ತೆಯ ಬದಿಯಲ್ಲಿ ತೆಂಗಿನ ಮರಗಳ ಹಿಂದೆ ನಿಲ್ಲಿಸುವುದು, ಗಾಜು ಏರಿಸುವುದು, ಎ.ಸಿ. ಹಾಕುವುದು. ಅವಳಿಗೆ ನೀರು ಕಾಣುತ್ತದೆ, ನೀರಿಗೆ ಅವಳು ಕೇಳುವುದಿಲ್ಲ.

ಹಾಗೇ ಆಯಿತು. ಗಾಜಿನ ಒಳಗೆ ವಿನೋನಾ ತನಗೆ ಬೇಕಾದಷ್ಟು ಮಾತಾಡಿದಳು. ಕ್ಲಾರೆನ್ಸ್ ಕಿವಿಗೆ ಹತ್ತಿ ಇಟ್ಟುಕೊಂಡಿದ್ದ. ಬಾವುಟವನ್ನು ತಂಡ ಬೆಣ್ಣೆಯಲ್ಲಿ ಕತ್ತಿ ಆಡಿದ ಹಾಗೆ ಸುತ್ತಿತು. ಕೊನೆಯ ನೂರು ಮಾರಿನಲ್ಲಿ ನೀಲಿಯವರ ಜೊತೆ ಮೂಗಿಗೆ ಮೂಗು ತಾಗಿಸಿ ಬಂದು, ಒಂದು ಮೊಳದ ಅಂತರದಲ್ಲಿ ಎರಡನೆಯ ಸ್ಥಾನ ಪಡೆಯಿತು.

“ನೀನು ಅರ್ಧ ಬಂದಿದ್ದೆ, ಅದಕ್ಕೇ ಎರಡನೇದು,” ಅಂದ ಕ್ಲಾರೆನ್ಸ್, ಹತ್ತಿ ತೆಗೆಯುತ್ತ.

ಅವಳು ಅವನ ತೋಳಿಗೆ ಗುದ್ದಿದಳು. ಗುದ್ದುತ್ತಲೇ ನಕ್ಕಳು. ಗೆದ್ದಿದ್ದರೆ ಇಷ್ಟು ಖುಷಿ ಆಗುತ್ತಿತ್ತೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಸ್ವಲ್ಪ ಜಾಸ್ತಿಯೇ ಆಗುತ್ತಿತ್ತು ಎಂದು ಯೋಚಿಸಿ ಪ್ರಾಮಾಣಿಕವಾಗಿ ಒಪ್ಪಿಕೊಂಡಳು.

ಸ್ವಲ್ಪ ಹೊತ್ತಿಗೆ ಆರೂ ಜನ ಒದ್ದೆ ಬಟ್ಟೆಯಲ್ಲೇ ರಸ್ತೆ ದಾಟಿ ಬಂದು ಕಾರನ್ನು ಮುತ್ತಿದರು. ಮೋಮಿ ಗಾಜು ತಟ್ಟಿದಳು. ವಿನೋನಾ ಇಳಿಸಿದಳು.

“ಶುರುವಿನಲ್ಲಿ ಮೂರನೇ ಸೀಟು ತಡವಾಯ್ತು,” ಅಂದಳು. “ವಾಪಸ್ ಬರುವಾಗ ಡಾರ್ಲೀನ್ ಅಗಲವಾಗಿ ಹಿಡಿದ್ಲು. ಒಂದು ಮೊಳ ಅಲ್ಲೇ ಹೋಗಿದ್ದು.”

“ಮಂಗಳವಾರ ಹೇಳು ಅಕ್ಕ.”

“ಪಂದ್ಯಗಳೆಲ್ಲ ಮುಗೀತಲ್ಲೇ. ಇನ್ನೆಲ್ಲಿ ಮಂಗಳವಾರ?”

ಮೋಮಿ ಹಿಂದೆ ತಿರುಗಿ ಉಳಿದವರನ್ನು ನೋಡಿದಳು. ಅವರು ತಲೆ ಆಡಿಸಿದರು. “ಮುಂದಿನ ವರ್ಷದ್ದು ಈ ಮಂಗಳವಾರವೇ ಶುರು ಮಾಡೋಣ ಅಂತ. ನೀನು ಶನಿವಾರ ಬಿಟ್ಟು ಉಳಿದ ಯಾವ ದಿನ ಬೇಕಾದ್ರೂ ಬಾ.”

ವಿನೋನಾ ಏನೋ ಹೇಳಲು ಹೋದಳು. ಅಷ್ಟರಲ್ಲಿ ಡಾರ್ಲೀನ್ ಕಿಟಕಿಯಿಂದ ಒಂದು ತಟ್ಟೆ ಒಳಗೆ ದಾಟಿಸಿದಳು: ಸುಟ್ಟ ಮೀನು, ಸೊಪ್ಪು, ಒಂದು ತುಂಡು ಗೆಣಸು. ಕ್ಲಾರೆನ್ಸನಿಗೆ ಕೊಟ್ಟ ತಟ್ಟೆಯಲ್ಲಿ ಅನ್ನ ಗುಡ್ಡದ ಹಾಗಿತ್ತು. ಅವಳು ಅದನ್ನು ನೋಡಿದಳು. ಆರು ಹೆಂಗಸರು ಕಿಟಕಿಯ ಹೊರಗೆ ನಿಂತು ಅವಳು ನೋಡುವುದನ್ನು ನೋಡಿದರು. ಅವಳು ಫೋರ್ಕ್ ತೆಗೆದುಕೊಂಡು ಮೀನಿನಿಂದ ಶುರು ಮಾಡಿದಳು.